ಹಳದಿ ಅಂಗಿಯ ಮಚ್ಚಾ, ಕೆಂಪು ಅಂಗಿಯ ಮಗಾ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯ ಹೊಸೂರಿನವನು. ದಿನಾ ಬೆಳಗ್ಗೆ ಅತ್ತಿಬೆಲೆ ದಾಟಿ ಬರುತ್ತಾನೆ, ಸಂಜೆ ಅತ್ತಿಬೆಲೆ ದಾಟಿ ಹೋಗುತ್ತಾನೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಅವನು ನನ್ನನ್ನು ಮಚ್ಚಾ ಅನ್ನುತ್ತಾನೆ, ನಾನು ಅವನನ್ನು ಮಗಾ ಅನ್ನುತ್ತೇನೆ. ವರ್ಷದಲ್ಲಿ ಹತ್ತು ತಿಂಗಳು ನಮ್ಮ ನಡುವೆ ಜಗಳವೇ ಇಲ್ಲ. ಮಾರ್ಚ್ ಕೊನೆಗೆ ಐಪಿಎಲ್ ಶುರುವಾದರೆ ಮುಗಿಯಿತು. ಅವನು ಹಳದಿ ಅಂಗಿಯ ಚೆನ್ನೈ (ಸಿಎಸ್‌ಕೆ) ಕಡೆ, ನಾನು ಕೆಂಪು ಅಂಗಿಯ ಬೆಂಗಳೂರು (ಆರ್‌ಸಿಬಿ) ಕಡೆ.

2025ರ ಮಾರ್ಚ್ 28ರ ರಾತ್ರಿ ಆರ್‌ಸಿಬಿ ಚೆನ್ನೈನ ಚೆಪಾಕ್ ಮೈದಾನದಲ್ಲಿ ಸಿಎಸ್‌ಕೆಯನ್ನು 50 ರನ್‌ಗಳಿಂದ ಸೋಲಿಸಿತು. ನಾನು ಅವನಿಗೆ ಒಂದೇ ಒಂದು ಸಂಖ್ಯೆಯ ಮೆಸೇಜ್ ಕಳಿಸಿದೆ: 17. ಅಲ್ಲಿ ನಾವು ಅದಕ್ಕೆ ಮೊದಲು ಗೆದ್ದದ್ದು 2008ರ ಮೇ 21ರಂದು, ಐಪಿಎಲ್‌ನ ಮೊದಲ ವರ್ಷ. ಆಗ ನಾನು ಹೈಸ್ಕೂಲು. ಆಮೇಲೆ ಹೆಚ್ಚುಕಡಿಮೆ 17 ವರ್ಷ ಚೆಪಾಕ್‌ನಿಂದ ಬರಿಗೈಯಲ್ಲೇ ವಾಪಸ್. ಎರಡು ನಿಮಿಷ ಬಿಟ್ಟು ಅವನ ಉತ್ತರ ಬಂತು, ಅದೂ ಒಂದೇ ಸಂಖ್ಯೆ: 5. ಸಿಎಸ್‌ಕೆ ಗೆದ್ದ ಕಪ್‌ಗಳು. ನಮ್ಮ ಲೆಕ್ಕ ಆಗ ಇನ್ನೂ ಸೊನ್ನೆ. ಫೋನ್ ಮಗುಚಿ ಇಟ್ಟು ಮಲಗಿದೆ.

ಈ ಕೆಂಪು, ಹಳದಿ ಜಗಳ ನಿಜವಾಗಲೂ ಯಾರ ಯಾರ ನಡುವೆ ನಡೆಯುತ್ತಿದೆ ಅನ್ನುವುದು ನನಗೆ ಬಹಳ ದಿನದ ಪ್ರಶ್ನೆ. ಟಿವಿಯವರು ಇದಕ್ಕೆ ದಕ್ಷಿಣದ ಡರ್ಬಿ ಅನ್ನುತ್ತಾರೆ. ಕರ್ನಾಟಕ, ತಮಿಳುನಾಡು ಎದುರುಬದುರು ಅನ್ನುವ ಹಾಗೆ ಜಾಹೀರಾತು ಬರುತ್ತದೆ. ಆದರೆ ಮೈದಾನದಲ್ಲಿ ನೋಡಿ. ನಮ್ಮ ಕೊಹ್ಲಿ ದೆಹಲಿಯವರು. ಅವರ ಧೋನಿ ರಾಂಚಿಯವರು. ಕೊನೆಗೂ ಕಪ್ ಬಂದ 2025ರ ಫೈನಲ್‌ನಲ್ಲಿ ಆರ್‌ಸಿಬಿಯ ಹನ್ನೊಂದು ಜನರಲ್ಲಿ ಕರ್ನಾಟಕದ ಆಟಗಾರ ಮಯಾಂಕ್ ಅಗರ್ವಾಲ್ ಒಬ್ಬರೇ. ಅವರೂ ದೇವದತ್ತ ಪಡಿಕ್ಕಲ್‌ಗೆ ಗಾಯವಾಯಿತು ಅಂತ ಸೀಸನ್ ನಡುವೆ ಬಂದವರು.

ಹಾಗೆ ನೋಡಿದರೆ ತಂಡದ ಹೆಸರೂ ಒಂದು ವಿಸ್ಕಿ ಬ್ರ್ಯಾಂಡಿನಿಂದ ಬಂದದ್ದು. 2008ರಲ್ಲಿ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ಬೆಂಗಳೂರನ್ನು ಕೊಂಡರು. ಇಂಡಿಯಾ ಸಿಮೆಂಟ್ಸ್ 9.1 ಕೋಟಿ ಡಾಲರ್‌ಗೆ ಚೆನ್ನೈಯನ್ನು ಕೊಂಡಿತು. ಒಂದು ಕಡೆ ವಿಸ್ಕಿ, ಇನ್ನೊಂದು ಕಡೆ ಸಿಮೆಂಟ್. ನಮ್ಮ ನಾಡಿನ ಅಭಿಮಾನ ಇದರ ಮಧ್ಯೆ ಎಲ್ಲಿಂದ ಹುಟ್ಟಿತು? ಊರಿಗೆ ಅಧಿಕೃತವಾಗಿ ಬೆಂಗಳೂರು ಅಂತ ಹೆಸರಾದದ್ದು 2014ರ ನವೆಂಬರ್ 1ಕ್ಕೆ. ತಂಡದ ಹೆಸರಿನಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬರಲು 2024ರ ಮಾರ್ಚ್ ಆಗಬೇಕಾಯಿತು. ಅಲ್ಲಿಯವರೆಗೂ ನಾವು ಕೂಗಿದ್ದೇ ಕೂಗಿದ್ದು.

ಮೊದಮೊದಲು ಪರಿಸ್ಥಿತಿ ಸ್ವಲ್ಪ ಬೇರೆ ಇತ್ತು. ಆಯಾ ಪ್ರದೇಶದ ಆಟಗಾರರಿಗೆ ತಂಡದಲ್ಲಿ ಜಾಗ ಕೊಡಬೇಕು ಅನ್ನುವ ನಿಯಮವಿತ್ತು. ಐದು ತಂಡಗಳಿಗೆ ತಮ್ಮ ಊರಿನ ಒಬ್ಬ ದೊಡ್ಡ ಆಟಗಾರನನ್ನು ಹರಾಜಿಲ್ಲದೆ ಇಟ್ಟುಕೊಳ್ಳುವ ಅವಕಾಶ ಸಿಕ್ಕಿತ್ತು. ನಮಗೆ ದ್ರಾವಿಡ್. ಚೆನ್ನೈಗೆ ಅಂಥ ಯಾರೂ ಇರಲಿಲ್ಲ. ಕೈಯಲ್ಲಿ ದುಡ್ಡು ಉಳಿದಿತ್ತು, 15 ಲಕ್ಷ ಡಾಲರ್ ಕೊಟ್ಟು ಧೋನಿಯನ್ನು ತಂದರು. ಊರಿನವನು ಇಲ್ಲದ್ದೇ ಅವರಿಗೆ ಲಾಭವಾಯಿತು! ಆಮೇಲೆ ಸ್ಥಳೀಯರ ನಿಯಮವೂ ಹೋಯಿತು. ಈಗ ಹರಾಜಿನಲ್ಲಿ ಯಾರು ಎಲ್ಲಿಗೆ ಬೀಳುತ್ತಾರೋ ಅಲ್ಲಿಯವರು.

ಅದರಿಂದ ಆದ ತಮಾಷೆಗಳನ್ನೂ ಕೇಳಿ. 2022ರ ಏಪ್ರಿಲ್‌ನಲ್ಲಿ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಹಳದಿ ಅಂಗಿ ಹಾಕಿಕೊಂಡು ಆರ್‌ಸಿಬಿ ಬೌಲರ್‌ಗಳಿಗೆ 88 ರನ್ ಚಚ್ಚಿದರು. ಅದೇ ವರ್ಷ ಚೆನ್ನೈನ ದಿನೇಶ್ ಕಾರ್ತಿಕ್ ಕೆಂಪು ಅಂಗಿಯಲ್ಲಿ ನಮ್ಮ ಮ್ಯಾಚ್‌ಗಳನ್ನು ಮುಗಿಸಿಕೊಡುತ್ತಿದ್ದರು. 2025ರ ಏಪ್ರಿಲ್ 10ರಂದಂತೂ ಚಿನ್ನಸ್ವಾಮಿಯಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ಪರ ಔಟಾಗದೆ 93 ಹೊಡೆದು ಗೆಲ್ಲಿಸಿದರು. ಬ್ಯಾಟಿನಿಂದ ನೆಲದಲ್ಲಿ ವೃತ್ತ ಎಳೆದು, ಇದು ನನ್ನ ಜಾಗ ಅನ್ನುವ ಹಾಗೆ ಬ್ಯಾಟ್ ಊರಿದರು. ನನಗೆ ಹೊಟ್ಟೆ ಉರಿಯಿತು. ಆದರೆ ಸುಳ್ಳು ಹೇಳಿದಂತೂ ಅಲ್ಲ ಅಲ್ವಾ? ಅದು ಅವರ ಮೈದಾನವೇ. ರಾಹುಲ್ ಆವತ್ತು ನಮ್ಮವರೋ ಪರರೋ ಅಂತ ನನಗೆ ಈಗಲೂ ಗೊತ್ತಿಲ್ಲ.

ನಿಜವಾದ ಕರ್ನಾಟಕ ಮತ್ತು ತಮಿಳುನಾಡು ಪೈಪೋಟಿ ಬೇಕಿದ್ದರೆ ಬೇರೆ ಕಡೆ, ರಾಜ್ಯ ತಂಡಗಳು ಆಡುವ ಟೂರ್ನಿಗಳಲ್ಲಿ ಸಿಗುತ್ತದೆ. 2015ರ ಮಾರ್ಚ್‌ನ ರಣಜಿ ಫೈನಲ್ ವಾಂಖೆಡೆಯಲ್ಲಿ ನಡೆಯಿತು. ಕರುಣ್ ನಾಯರ್ 328 ಹೊಡೆದರು. ಕರ್ನಾಟಕ ಇನ್ನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದಿತು, ಎದುರಿಗಿದ್ದದ್ದು ತಮಿಳುನಾಡು. 2019ರ ಅಕ್ಟೋಬರ್ 25ರಂದು ವಿಜಯ್ ಹಜಾರೆ ಫೈನಲ್ ಚಿನ್ನಸ್ವಾಮಿಯಲ್ಲೇ ನಡೆಯಿತು. ತಮ್ಮ ಹುಟ್ಟುಹಬ್ಬದ ದಿನ ಅಭಿಮನ್ಯು ಮಿಥುನ್ ಹ್ಯಾಟ್ರಿಕ್ ತೆಗೆದರು. ಮತ್ತೆ ಗೆದ್ದದ್ದು ನಾವು, ಸೋತದ್ದು ಅವರು. ಒಂದೂವರೆ ತಿಂಗಳೂ ಆಗಿಲ್ಲ, ಸೂರತ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಫೈನಲ್. ಕೊನೆಯ ಓವರ್‌ನಲ್ಲಿ ತಮಿಳುನಾಡಿಗೆ 13 ಬೇಕಿತ್ತು. ಅಶ್ವಿನ್ ಮೊದಲ ಎರಡು ಚೆಂಡಿಗೆ ಎರಡು ಬೌಂಡರಿ ಹೊಡೆದರು. ಆದರೂ ಕೆ. ಗೌತಮ್ ತಡೆದು ನಿಲ್ಲಿಸಿದರು, 1 ರನ್ ಗೆಲುವು. ಅದಕ್ಕೆ ಸೇಡು 2021ರ ನವೆಂಬರ್‌ನಲ್ಲಿ ಬಂತು. ಅದೇ ಟೂರ್ನಿಯ ಫೈನಲ್, ಅವೇ ಎರಡು ತಂಡ, ಕೊನೆಯ ಚೆಂಡಿಗೆ 5 ಬೇಕು. ಶಾರುಖ್ ಖಾನ್ ಸಿಕ್ಸ್ ಎತ್ತಿದರು.

ಮೂರೇ ವರ್ಷದಲ್ಲಿ ಎರಡು ರಾಜ್ಯಗಳ ನಡುವೆ ಮೂರು ಫೈನಲ್, ಅದರಲ್ಲಿ ಎರಡು ಕೊನೆಯ ಚೆಂಡಿನವರೆಗೂ ಎಳೆದದ್ದು. ಆಡಿದವರು ಬಹುತೇಕ ಇಲ್ಲೇ ಲೀಗ್ ಆಡಿ ಬೆಳೆದವರು, ಅಲ್ಲೇ ಲೀಗ್ ಆಡಿ ಬೆಳೆದವರು. ಇದಕ್ಕಿಂತ ಹೆಚ್ಚಿಗೆ ಪ್ರಾದೇಶಿಕ ಪೈಪೋಟಿ ಇನ್ನೇನು ಬೇಕು? ಆದರೆ ನನ್ನ ಹೊಸೂರಿನ ಗೆಳೆಯನಿಗೆ ಗೌತಮ್ ಓವರ್ ಗೊತ್ತಿಲ್ಲ. ನನಗೂ ಶಾರುಖ್ ಸಿಕ್ಸ್ ಮಾರನೇ ದಿನ ಫೋನ್‌ನಲ್ಲಿ ನೋಡಿ ಗೊತ್ತಾದದ್ದು. ನಮ್ಮ ರಾಜ್ಯದವರು ಆಡಿದರೆ ನೋಡುವುದಿಲ್ಲ, ದೆಹಲಿಯವರು ನಮ್ಮ ಹೆಸರಿನ ಅಂಗಿ ಹಾಕಿದರೆ ಗಂಟಲು ಹರಿಯುವ ಹಾಗೆ ಕೂಗುತ್ತೇವೆ. ಇದನ್ನು ಒಪ್ಪಿಕೊಳ್ಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಆಟ ಮಾರುವವರು ಜಾಣರು, ನಾವು ಮರುಳರು ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ದುಡ್ಡು ಹಾಕಿದವರಿಗೆ ಶನಿವಾರ ಸಂಜೆಗೆ ಒಂದು ಜಗಳ ಬೇಕೇ ಬೇಕು. ಆದರೆ ಜಾಹೀರಾತಿನಿಂದಲೇ ಪೈಪೋಟಿ ಹುಟ್ಟುವುದಾದರೆ ಲಕ್ನೋ ಮತ್ತು ಗುಜರಾತ್ ನಡುವೆಯೂ ಹುಟ್ಟಬೇಕಿತ್ತು. ಎರಡೂ 2022ರಲ್ಲಿ ಒಟ್ಟಿಗೆ ಬಂದ ತಂಡಗಳು. ಅವರಿಬ್ಬರ ಮ್ಯಾಚ್ ದಿನ ಯಾರಾದರೂ ನಿಮ್ಮ ಮನೆ ಹತ್ತಿರ ಪಟಾಕಿ ಹೊಡೆದದ್ದು ನೆನಪಿದೆಯಾ?

ಎರಡು ವಿಷಯ ಬೇಕು ಅನ್ನಿಸುತ್ತದೆ ನನಗೆ. ಒಂದು, ಮತ್ತೆ ಮತ್ತೆ ಹೇಳಿಕೊಳ್ಳಲು ಸಿಗುವ ಕತೆಗಳು. ಇನ್ನೊಂದು, ಅದನ್ನು ಹೇಳಿ ಚುಚ್ಚಲು ಎದುರಿಗೆ ಸಿಗುವ ಮನುಷ್ಯ.

ಕತೆಗೇನೂ ಬರಗಾಲ ಇಲ್ಲ. 2011ರ ಫೈನಲ್ ಚೆಪಾಕ್‌ನಲ್ಲಿ. ಚೆನ್ನೈನವರೇ ಆದ ಮುರಳಿ ವಿಜಯ್ 95 ಹೊಡೆದರು, ಚೆನ್ನೈನವರೇ ಆದ ಅಶ್ವಿನ್ ಮೊದಲ ಓವರ್‌ನಲ್ಲೇ ಗೇಲ್ ಅವರನ್ನು ಸೊನ್ನೆಗೆ ಕಳಿಸಿದರು. ನಮಗೆ 58 ರನ್ ಸೋಲು. 2012ರಲ್ಲಿ ಅಲ್ಲೇ, 12 ಚೆಂಡಿಗೆ 43 ಬೇಕಿದ್ದಾಗ ನಮ್ಮವರು ಚೆಂಡನ್ನು ಕೊಹ್ಲಿ ಕೈಗೆ ಕೊಟ್ಟರು. ಹೌದು, ಕೊಹ್ಲಿ ಕೈಗೆ. ಆಲ್ಬಿ ಮಾರ್ಕೆಲ್ 28 ರನ್ ಬಾಚಿದರು. ಮರುವರ್ಷ ಕೊನೆಯ ಚೆಂಡಿಗೆ ಜಡೇಜ ಕ್ಯಾಚ್ ಕೊಟ್ಟರು. ನಾನು ಸೋಫಾ ಮೇಲೆ ಹತ್ತಿ ಕುಣಿದೆ. ನೋಡಿದರೆ ಆರ್.ಪಿ. ಸಿಂಗ್ ನೋಬಾಲ್ ಹಾಕಿದ್ದರು. ಮ್ಯಾಚ್ ಅವರದು. ಆ ಸೋಫಾದ ಒಂದು ಕಾಲು ಇವತ್ತಿಗೂ ಅಲ್ಲಾಡುತ್ತದೆ.

2019ರಲ್ಲಿ ಮಾತ್ರ ದೇವರು ಒಮ್ಮೆ ನಮ್ಮ ಕಡೆ ನೋಡಿದ. ಚಿನ್ನಸ್ವಾಮಿಯಲ್ಲಿ ಕೊನೆಯ ಓವರ್‌ಗೆ 26 ಬೇಕಿತ್ತು. ಉಮೇಶ್ ಯಾದವ್ ಅವರ ಐದು ಚೆಂಡಿಗೆ ಧೋನಿ 24 ಹೊಡೆದರು. ಕೊನೆಯ ಚೆಂಡು ಬ್ಯಾಟಿಗೆ ಸಿಗಲಿಲ್ಲ, ಪಾರ್ಥಿವ್ ಪಟೇಲ್ ಎಸೆತಕ್ಕೆ ಶಾರ್ದೂಲ್ ಠಾಕೂರ್ ರನೌಟ್. 1 ರನ್ ಗೆಲುವು. ಮೈದಾನದಲ್ಲಿ ನಮ್ಮ ಜನವೇ ಧೋನಿ ಸಿಕ್ಸ್‌ಗೆ ಕೂಗುತ್ತಿದ್ದರು, ನಾವು ಗೆದ್ದಾಗಲೂ ಕೂಗಿದರು. ಇದು ಬೆಂಗಳೂರಿನಲ್ಲಿ ಮಾತ್ರ ಸಾಧ್ಯ.

2024ರ ಮೇ 18 ಬೇರೆಯೇ ಮಾತು. ಆ ವರ್ಷ ಮೊದಲ ಎಂಟು ಮ್ಯಾಚ್‌ನಲ್ಲಿ ಏಳು ಸೋತಿದ್ದೆವು. ಆಮೇಲೆ ಐದು ಗೆದ್ದು ಅಲ್ಲಿಗೆ ಬಂದಿದ್ದೆವು. ನಾವು 218 ಹೊಡೆದೆವು. ಪ್ಲೇಆಫ್‌ಗೆ ಹೋಗಲು ಚೆನ್ನೈಗೆ ಗೆಲುವು ಬೇಕಿರಲಿಲ್ಲ, ರನ್‌ರೇಟ್ ಲೆಕ್ಕದಲ್ಲಿ 201 ಮುಟ್ಟಿದರೆ ಸಾಕಿತ್ತು. ಕೊನೆಯ ಓವರ್‌ಗೆ 17. ಯಶ್ ದಯಾಳ್ ಅವರ ಮೊದಲ ಚೆಂಡನ್ನು ಧೋನಿ 110 ಮೀಟರ್ ದೂರಕ್ಕೆ ಎತ್ತಿದರು. ಎರಡನೆಯದಕ್ಕೆ ಔಟ್. ಉಳಿದ ನಾಲ್ಕು ಚೆಂಡಿಗೆ ಬಂದದ್ದು ಬರೀ 1 ರನ್. ನಮ್ಮ ಬೀದಿಯಲ್ಲಿ ಆ ರಾತ್ರಿ ಪಟಾಕಿ ನಿಂತಾಗ ಗಂಟೆ ಎರಡಾಗಿತ್ತು. ನಾವು ಎಲಿಮಿನೇಟರ್‌ನಲ್ಲಿ ಸೋತು ಮನೆಗೆ ಬಂದೆವು, ಆ ವಿಷಯ ಬಿಡಿ. ಕಪ್ ಗೆದ್ದ ಹಾಗೆ ಕುಣಿಯುತ್ತೀರಾ ಅಂತ ಅವರು ಆಡಿಕೊಂಡರು. ಅವರು ಹೇಳಿದ್ದು ಸರಿಯೇ. ನಮಗೆ ಆ ದಿನ ಅದೇ ಕಪ್ ಆಗಿತ್ತು.

ಇನ್ನು ಎದುರಿಗೆ ಸಿಗುವ ಮನುಷ್ಯನ ವಿಷಯ. ಬೆಂಗಳೂರು ಮತ್ತು ಚೆನ್ನೈ ನಡುವೆ ಸುಮಾರು 350 ಕಿಲೋಮೀಟರ್. ಬೆಳಗಿನ ರೈಲು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿ. ಅದಕ್ಕಿಂತ ಮುಖ್ಯ, ಆ ಊರಿನ ಮಾತು ಈ ಊರಿನಲ್ಲೇ ಇದೆ. ಹಲಸೂರು, ಶಿವಾಜಿನಗರ, ಶ್ರೀರಾಮಪುರದಲ್ಲಿ ತಲೆಮಾರುಗಳಿಂದ ತಮಿಳು ಮನೆಗಳಿವೆ. ಮಚ್ಚಾ ಅನ್ನುವ ಪದವನ್ನೇ ನೋಡಿ, ತಮಿಳಿನ ಭಾವಮೈದ ಬೆಂಗಳೂರಿನ ಎಲ್ಲ ಹುಡುಗರ ಬಾಯಲ್ಲಿ ಗೆಳೆಯನಾಗಿ ಕೂತಿದ್ದಾನೆ. ಚಿನ್ನಸ್ವಾಮಿಯಲ್ಲಿ ಸಿಎಸ್‌ಕೆ ಮ್ಯಾಚ್ ದಿನ ಹಳದಿ ಅಂಗಿ ಹಾಕಿ ಬರುವವರಲ್ಲಿ ಬಹಳ ಜನ ಇಲ್ಲೇ ಹುಟ್ಟಿದವರು, ಕನ್ನಡದಲ್ಲೇ ಜಗಳಕ್ಕೆ ಬರುತ್ತಾರೆ. ಕೆಂಪಿನವರು ಅವರಿಗೆ ಎದುರಾಗಿ ಕನ್ನಡ ಬಾವುಟ ಬೀಸುತ್ತಾರೆ. ಆ ಬಾವುಟದ ಮೇಲಿನ ಅರ್ಧ ಹಳದಿ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಫುಟ್‌ಬಾಲ್‌ನಲ್ಲೂ ಇದೇ ಕತೆ. ಕಂಠೀರವಕ್ಕೆ ಕೇರಳ ಬ್ಲಾಸ್ಟರ್ಸ್ ಬಂದರೆ ಊರಿನ ಮಲಯಾಳಿಗಳೆಲ್ಲ ಹಳದಿ ಹಾಕಿಕೊಂಡು ಬರುತ್ತಾರೆ, ಬೆಂಗಳೂರು ಎಫ್‌ಸಿಯ ನೀಲಿಯವರು ಪಶ್ಚಿಮದ ಸ್ಟ್ಯಾಂಡಿನಿಂದ ಉತ್ತರ ಕೊಡುತ್ತಾರೆ. 2023ರ ಮಾರ್ಚ್ 3ರ ನಾಕೌಟ್ ಪಂದ್ಯದಲ್ಲಿ ಎದುರಿನವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳದ ಕೋಚ್ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ಗೋಲು ಸರಿಯೋ ತಪ್ಪೋ ಅಂತ ಮಡಿವಾಳದ ಹೋಟೆಲುಗಳಲ್ಲಿ ಈಗಲೂ ಪರೋಟದ ಜೊತೆ ವಾದ ಸಿಗುತ್ತದೆ. ಕೋಲ್ಕತ್ತಾದವರು ಇದನ್ನು ನೂರು ವರ್ಷದಿಂದ ಮಾಡುತ್ತಿದ್ದಾರೆ. ಅಲ್ಲಿ ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು, ಮೋಹನ್ ಬಗಾನ್ ಗೆದ್ದರೆ ಸಿಗಡಿ. ಪೂರ್ವ ಬಂಗಾಳದಿಂದ ಬಂದವರೂ ಮೊದಲಿನಿಂದ ಇದ್ದವರೂ ಒಂದೇ ಊರಿನಲ್ಲಿ, ಒಂದೇ ಮೀನು ಮಾರುಕಟ್ಟೆಯಲ್ಲಿ.

ಹಾಗಾದರೆ ಕಾವೇರಿ? ಈ ಮ್ಯಾಚ್‌ನ ಹಿಂದೆ ಕಾವೇರಿ ಇದೆ ಅಂತ ಹೇಳುವವರಿದ್ದಾರೆ. 1991 ಮತ್ತು 2016ರಲ್ಲಿ ಬೆಂಗಳೂರು ಏನು ನೋಡಿತು ಅನ್ನುವುದು ಇಲ್ಲಿಯವರಿಗೆ ಹೇಳಬೇಕಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಹೊಸೂರಿನ ಗೆಳೆಯ ಒಂದು ವಾರ ಆಫೀಸಿಗೆ ಬರಲಿಲ್ಲ. ಗಡಿಯಲ್ಲಿ ಬಸ್ಸು ನಿಂತಿತ್ತು. ಆ ವಾರ ನಾವು ಕ್ರಿಕೆಟ್ ಮಾತಾಡಲಿಲ್ಲ. ನಿಜವಾದ ಭಯ ಇದ್ದಾಗ ಆಟದ ಜಗಳಕ್ಕೆ ಬಾಯೇ ಬರುವುದಿಲ್ಲ.

2018ರಲ್ಲಿ ಕಾವೇರಿ ನೇರವಾಗಿ ಮೈದಾನಕ್ಕೇ ಬಂತು. ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಿತು. ಕಾವೇರಿ ನಿರ್ವಹಣಾ ಮಂಡಳಿ ಬೇಕು ಅಂತ ತಮಿಳುನಾಡಿನಲ್ಲಿ ಹೋರಾಟ ಶುರುವಾಯಿತು. ಎರಡು ವರ್ಷದ ನಿಷೇಧ ಮುಗಿಸಿ ಸಿಎಸ್‌ಕೆ ವಾಪಸ್ ಬಂದ ವರ್ಷ ಅದು. ಏಪ್ರಿಲ್ 10ರಂದು ಚೆಪಾಕ್‌ನಲ್ಲಿ ಮೊದಲ ಮ್ಯಾಚ್, ಎದುರಾಳಿ ಕೋಲ್ಕತ್ತಾ. ಸ್ಟ್ಯಾಂಡಿನಿಂದ ಚಪ್ಪಲಿ ತೂರಿ ಬಂತು. ಉಳಿದ ತವರಿನ ಪಂದ್ಯಗಳೆಲ್ಲ ಪುಣೆಗೆ ಹೋದವು, ಅಭಿಮಾನಿಗಳು ವಿಶೇಷ ರೈಲಿನಲ್ಲಿ ಹಿಂದೆ ಹೋದರು. ಗಮನಿಸಬೇಕಾದ ವಿಷಯ ಒಂದಿದೆ. ನೀರಿನ ಸಿಟ್ಟು ಆವತ್ತು ಆರ್‌ಸಿಬಿ ಮೇಲೆ ತಿರುಗಲಿಲ್ಲ, ಆಟದ ಮೇಲೆಯೇ ತಿರುಗಿತು. ಅದೇ ತಿಂಗಳ 25ಕ್ಕೆ ಸಿಎಸ್‌ಕೆ ಚಿನ್ನಸ್ವಾಮಿಗೆ ಬಂತು, ಧೋನಿ ಸಿಕ್ಸ್ ಹೊಡೆದು ಗೆಲ್ಲಿಸಿದರು, ಜನ ಬೇಜಾರು ಮಾಡಿಕೊಂಡು ಮನೆಗೆ ಹೋದರು. ಅಷ್ಟೆ. ಹಾಗಾಗಿ ಕ್ರಿಕೆಟ್ ಜಗಳ ಕಾವೇರಿ ಜಗಳದ ಮರಿ ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಎರಡರಲ್ಲೂ ಅದೇ ಎರಡು ರಾಜ್ಯಗಳ ಹೆಸರಿದೆ, ನಿಜ. ಆದರೆ ಒಂದರಲ್ಲಿ ಸೋತರೆ ಗದ್ದೆ ಒಣಗುತ್ತದೆ. ಇನ್ನೊಂದರಲ್ಲಿ ಸೋತರೆ ದೋಸೆ ಕೊಡಿಸಬೇಕು.

ಹುಳಿ ಬರುವುದು ಬೇರೆ ಕಡೆಯಿಂದ. ಫೋನ್‌ನಲ್ಲಿ ಜಗಳ ಆಡುವವನಿಗೆ ಎದುರಿನವನು ಪಕ್ಕದ ಸೀಟಿನಲ್ಲಿ ಇರುವುದಿಲ್ಲ. ಅಲ್ಲಿ ನೋಬಾಲ್ ಬಿಟ್ಟು ಭಾಷೆಗೆ ಬರಲು ಮೂರು ಕಾಮೆಂಟ್ ಸಾಕು, ಅಲ್ಲಿಂದ ತಾಯಿಗೆ ಬರಲು ಇನ್ನೊಂದು. ಸಿಎಸ್‌ಕೆ ನಿಷೇಧದ ವರ್ಷಗಳನ್ನು ನೆನಪಿಸಲು ಕೈದಿಗಳ ಪಟ್ಟೆ ಅಂಗಿ ಹಾಕಿ ಬಂದ ನಮ್ಮವರನ್ನು ನೋಡಿ ನಾನು ನಕ್ಕಿದ್ದೇನೆ. ಅದು ಒಳ್ಳೆಯ ಕುಚೇಷ್ಟೆ. ಭಾಷೆ ಹಿಡಿದು ಬೈಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನು ತಾರೆಯರ ಆರಾಧನೆ ಊರಿನ ಅಭಿಮಾನಕ್ಕಿಂತಲೂ ಅಪಾಯ ಅನ್ನಿಸುತ್ತದೆ. 2022ರಲ್ಲಿ ತಮಿಳುನಾಡಿನ ಅರಿಯಲೂರು ಜಿಲ್ಲೆಯಲ್ಲಿ ಕೊಹ್ಲಿ ಮೇಲೋ ರೋಹಿತ್ ಮೇಲೋ ಅಂತ ಇಬ್ಬರು ಗೆಳೆಯರ ನಡುವೆ ಮಾತಿಗೆ ಮಾತು ಬೆಳೆದು ಒಬ್ಬ ಪ್ರಾಣವನ್ನೇ ಕಳೆದುಕೊಂಡ. ಇಬ್ಬರೂ ಒಂದೇ ಸೀಮೆಯವರು. ಅಲ್ಲಿ ಪ್ರದೇಶದ ಮಾತೇ ಇರಲಿಲ್ಲ.

2025ರ ಜೂನ್ 3. ಅಹಮದಾಬಾದಿನಲ್ಲಿ ಪಂಜಾಬ್ ಎದುರು 6 ರನ್ ಗೆಲುವು. ಕೊನೆಗೂ ಕಪ್. ರಾತ್ರಿ ಹನ್ನೆರಡೂವರೆಗೆ ಹೊಸೂರಿನಿಂದ ಮೆಸೇಜ್ ಬಂತು: 1. ಪಕ್ಕದಲ್ಲಿ ಒಂದು ಚಪ್ಪಾಳೆ. ಮರುದಿನ ಸಂಜೆ ಅವನೇ ಫೋನ್ ಮಾಡಿದ. ಹಲೋ ಕೂಡ ಅನ್ನಲಿಲ್ಲ. "ಮಚ್ಚಾ, ನೀನು ಚಿನ್ನಸ್ವಾಮಿ ಹತ್ತಿರ ಹೋಗಿಲ್ಲ ತಾನೇ?" ಹೋಗಿರಲಿಲ್ಲ. ಹೋಗಬೇಕು ಅಂತ ಕೆಂಪು ಅಂಗಿ ಹಾಕಿಕೊಂಡಿದ್ದೆ, ಮನೆಯಲ್ಲಿ ಬೇಡ ಅಂದರು. ಆ ಸಂಜೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಪೈಪೋಟಿಯಿಂದ ಆದದ್ದಲ್ಲ ಅದು. ಎದುರಿಗೆ ಯಾವ ತಂಡವೂ ಇರಲಿಲ್ಲ. ಅಷ್ಟು ಜನ ಬರುತ್ತಾರೆ ಅಂತ ಊಹಿಸಬೇಕಾದವರು ಊಹಿಸಲಿಲ್ಲ. ಹದಿನೆಂಟು ವರ್ಷ ಈ ಜನರ ಪ್ರೀತಿಯನ್ನೇ ಮಾರಿ ಬೆಳೆದ ಆಟಕ್ಕೆ ಆ ಪ್ರೀತಿ ಎಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ ಅಂದರೆ ನಂಬುವುದು ಕಷ್ಟ. ಆಮೇಲೆ ಎಷ್ಟೋ ದಿನ ಆ ಅಂಗಿಯನ್ನು ನಾನು ಹೊರಗೆ ತೆಗೆಯಲಿಲ್ಲ.

ಅದೇ ಸೀಸನ್‌ನಲ್ಲಿ ಸಿಎಸ್‌ಕೆ 14ರಲ್ಲಿ 4 ಗೆದ್ದು ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಅದು ಅವರಿಗೆ ಮೊದಲ ಸಲ. ನಮ್ಮ ಎದುರಿನ ಎರಡೂ ಮ್ಯಾಚ್ ಸೋತರು, ಮೇ 3ರದ್ದು ಬರೀ 2 ರನ್‌ಗಳಿಂದ. ತಕ್ಕಡಿ ಪೂರ್ತಿ ಮಗುಚಿದೆ. ನನಗೆ ಖುಷಿಯಾಗಬೇಕಿತ್ತು, ಸ್ವಲ್ಪ ಬೋರ್ ಆಯಿತು. ಸೋತು ಸುಮ್ಮನಿರುವ ಚೆನ್ನೈಯನ್ನು ಚುಚ್ಚುವುದರಲ್ಲಿ ಏನು ಮಜಾ ಇದೆ? ಹದಿನೆಂಟು ವರ್ಷ ನಮ್ಮನ್ನು ಆಡಿಕೊಂಡು ಅವರಿಗೆ ಯಾಕೆ ಬೋರ್ ಆಗಲಿಲ್ಲ ಅಂತ ಯೋಚಿಸಿದೆ. ನಾವು ಸುಮ್ಮನಿರಲಿಲ್ಲ, ಅದಕ್ಕೆ. ಪ್ರತಿ ಮಾರ್ಚ್‌ನಲ್ಲೂ ಈ ಸಲ ಕಪ್ ನಮ್ದೇ ಅಂತ ಹೊಸದಾಗಿ ಶುರು ಮಾಡುತ್ತಿದ್ದೆವು. ಸೇಲಂನಲ್ಲಿರುವ ಗೆಳೆಯನ ಅತ್ತೆಮಾವಂದಿರಿಗೆ ಬರುವ ಒಂದೇ ಕನ್ನಡ ವಾಕ್ಯ ಅದು, ಅಳಿಯನ ಆಫೀಸಿನವರನ್ನು ಗೇಲಿ ಮಾಡಲು ಕಲಿತದ್ದು. ನನಗೆ ಬರುವ ಒಂದೇ ತಮಿಳು ವಾಕ್ಯ ಸಿಎಸ್‌ಕೆಯವರ ಘೋಷಣೆ, ವಿಸಿಲ್ ಪೋಡು.

ಪಂದ್ಯ ಸೋತವರು ಬೆಣ್ಣೆ ದೋಸೆ ಕೊಡಿಸಬೇಕು ಅನ್ನುವುದು ನಮ್ಮಿಬ್ಬರ ಹಳೆಯ ಕರಾರು. ಅವನು ಎರಡು ದೋಸೆ ಬಾಕಿ ಇದ್ದ. ಜುಲೈನಲ್ಲಿ ಒಂದು ದಿನ ಕರೆದುಕೊಂಡು ಹೋದ. ಕ್ಯೂನಲ್ಲಿ ನಿಂತು, ಚೀಟಿ ತಗೊಂಡು, ತಟ್ಟೆ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟ. ಪಕ್ಕದ ಮೇಜಿನವರಿಗೂ ಕೇಳುವ ಹಾಗೆ ಹೇಳಿದ:

"ತಿನ್ನು ಮಚ್ಚಾ. ಮುಂದಿನ ಸಲ ಕಪ್ ನಮ್ದೇ."